ಷಡ್ಡಕನ ಕೆಟ್ಟ ಲ್ಯಾಪ್‌ಟಾಪು

ಕೆಟ್ಟುಹೋದ ಸಾಮಾನು ಇಟ್ಟುಕೊಂಡು ಊರ ತುಂಬ ಮರ್ಯಾದಿ ಗಳಿಸಿದ ಮನುಷ್ಯಾನ್ನ ನೀವು ಎಲ್ಲೆರೆ ನೋಡೀರೇನು? ನಾ ನೋಡೇನಿ. ಅವ ನನ್ನ ಷಡ್ಡಕ, ಅಂದ್ರ ನನ್ನ ಹೆಂಡತಿಯ ತಂಗಿ ಗಂಡ. ಸಿಂದಗಿ ಕಾಲೇಜಿನ್ಯಾಗ ಗಣಿತ ಹೇಳ್ತಾನ. ಅವನ ಕಡೆ ಒಂದು ಲ್ಯಾಪ್‌ಟಾಪ್ ಐತಿ, ಅದರಾಗ ವಿಂಡೋಸ್ ಬದಲಿ ಲಿನಕ್ಸ್ ಐತಿ. ಆ ಲಿನಕ್ಸಿಗೂ ಅದರ ಪರದೆಗೂ ಹುಟ್ಟಾ ಆಗಿಬರಂಗಿಲ್ಲ! ಪರದೆ ಮ್ಯಾಲ ಚಿತ್ರ ಮೂಡಸೂ ಪ್ರೋಗ್ರಾಮಿಗೆ ಗ್ರಾಫಿಕ್ಸ್ ಡ್ರೈವರ್ ಅಂತಾರಂತ. ಅದನ್ನ ಹಾಕಿದಾಗೊಮ್ಮೆ ಚಿತ್ರ ಹೋಗಿ, ಕಪ್ಪು ಪರದೆ ಮ್ಯಾಲ ಬರೇ ಬಿಳಿ ಅಕ್ಷರ ಉಳೀತಾವ. ಒಮ್ಮೆ ಬಗ್ಗಿ ಓದಿದೆ. 'ನೋ ಸ್ಕ್ರೀನ್ಸ್ ಫೌಂಡ್' ಅಂತಿತ್ತು. ಪರದೆ ಎಲ್ಲೂ ಸಿಗಲಿಲ್ಲ ಅಂತ ಪರದೆ ಮ್ಯಾಲೇ ಬರದಿತ್ತು! ಇಂಥಾದ್ದರ ಕೂಡ ಅವ ಸಂಸಾರ ಮಾಡಾಕತ್ತಾನ.

ಅದರ ಮುಚ್ಚಳದ್ದಂತೂ ಬ್ಯಾರೇನೇ ಕಥಿ. ಮುಚ್ಚಿದ್ರ ಮಲಗ್ತೈತಿ, ಮಲಗಿದ್ರ ಮತ್ತ ಏಳಂಗಿಲ್ಲ. ಅದಕ್ಕ ಪುಣ್ಯಾತ್ಮ ಮುಚ್ಚೂದನ್ನೇ ಬಿಟ್ಟುಬಿಟ್ಟ! ಸಿಂದಗಿಯಿಂದ ಮುದ್ದೇಬಿಹಾಳಕ್ಕ, ನಮ್ಮಿಬ್ಬರ ಮಾವನ ಮನಿಗೆ ಬರೂವಾಗ ಅದನ್ನ ತೆರದಾಂಗ ಎರಡೂ ಕೈಯಾಗ ಆರತಿ ತಾಟಿನಂಗ ಹಿಡಕೊಂಡು ಬಸ್ ಹತ್ತತಿದ್ದ. ಮಂದಿ ಬಿಡ್ತಾರೇನು? "ಯಾರೋ ದೊಡ್ಡ ಸಾಹೇಬ್ರು, ಸರೀರಿ, ಜಾಗಾ ಬಿಡ್ರಿ" ಅಂತ ಕಿಟಕಿ ಬಾಜೂ ಕೂಡಸ್ತಿದ್ರು. ನಾ ಬಸವನ ಬಾಗೇವಾಡಿ ಬ್ಯಾಂಕಿನ ಕಾರಕೂನ. ಅದೇ ಬಸ್ಸಿಗೆ ಬಾಗೇವಾಡಿಯೊಳಗ ಹತ್ತಿ, ಮುದ್ದೇಬಿಹಾಳದ ತನಕ ಕಂಬಿ ಹಿಡದು ಜೋತಾಡತಿದ್ದೆ.

ಇಂಡಿಯೊಳಗ ಒಂದು ಲಗ್ನಕ್ಕ ಹೋಗಿದ್ವಿ. ಅಲ್ಲೂ ಅವನ ಕೈಯಾಗ ಅದೇ ತಾಟು! ಬೀಗರು ಓಡಿ ಬಂದು, "ವಿಡಿಯೋದವ್ರಲ್ರಿ? ನೀವು ಮೊದಲ ಉಂಡುಬಿಡ್ರಿ" ಅಂತ ಮೊದಲನೇ ಪಂಗತಿಯೊಳಗ ಕೂಡಿಸಿದ್ರು. ಇವನೂ ಕುಂತು ಹೊಟ್ಟಿತುಂಬ ಉಂಡ. ನಾ ದೊಡ್ಡ ಅಳಿಯ, ಅಕ್ಕಿಕಾಳು ಮುಠಿಗ್ಯಾಗ ಹಿಡಕೊಂಡು ಹಸದು ನಿಂತಿದ್ದೆ.

ಇದನ್ನೆಲ್ಲಾ ಹೆಂಗರೆ ಸಹಿಸೇನಿ. ಮಾವನಾರ ವಿಷಯ ಮಾತ್ರ ಸಹಿಸಾಕ ಆಗಲಿಲ್ಲ. ಅವರು ಜೀವಮಾನ ಪೂರ್ತಿ ತಾರ್ ಆಫೀಸಿನ್ಯಾಗ ತಾರ್, ಅಂದ್ರ ಟೆಲಿಗ್ರಾಮ್, ಕಳಿಸಿದವ್ರು. ರಿಟೈರ್ ಆದಮ್ಯಾಲ ಬಾಯಿಗೆ ಬೀಗ ಹಾಕಿದ್ರು. ಕಟ್ಟಿ ಮ್ಯಾಲ ಕುಂತು ರಸ್ತೆ ನೋಡೂದು, ಉಣ್ಣಾಕ ಕರದ್ರ ಏಳೂದು, ಇಷ್ಟೇ. ನನ್ನ ಕೂಡ ಅವರು ಆಡೂ ಮಾತು ಎರಡೇ ಎರಡು: "ಬಂದ್ರಿ? ಕೂಡ್ರಿ." ಅವರ ಬಾಯಿಂದ ಮೂರನೇ ಮಾತು ಹೊರಡಿಸಬೇಕು ಅನ್ನೂದು ನನ್ನ ಹಠ. ಅದಕ್ಕಂತನೇ ದೀಪಾವಳಿಗೆ ನಾನೂ ಒಂದು ಹೊಸಾ ಲ್ಯಾಪ್‌ಟಾಪ್ ತಗೊಂಡೆ. ಗುಂಡಿ ಒತ್ತಿದ್ರ ಸಾಕು, ಬಣ್ಣಬಣ್ಣದ ಚಿತ್ರ ಬಂದು ನಿಲ್ತಿತ್ತು! ಒಯ್ದು ಮಾವನಾರ ಮುಂದ ಇಟ್ಟೆ.

"ಹೂಂ" ಅಂದ್ರು.

ಹೂಂ ಅನ್ನೂದು ಒಂದು ಮಾತೇನ್ರಿ?

ಅಷ್ಟರಾಗ ಷಡ್ಡಕ ತನ್ನ ತಾಟು ಹಿಡಕೊಂಡು ಒಳಗ ಬಂದ. ಕುಂತ ಮಾವನಾರು ಎದ್ದು ನಿಂತ್ರು!

"ಏನಾತ್ರಿ? ಚಿತ್ರ ಬಂತೇನು?"

"ಇಲ್ರಿ ಮಾಮಾ, ಮತ್ತ ಹೋತು."

"ಛೇ ಛೇ! ಬರ್ರಿ, ಬರ್ರಿ, ನೋಡೂನು!"

ಇಬ್ಬರೂ ಚಾಪಿ ಹಾಸಿಕೊಂಡು ಕುಂತ್ರು. ಅವ ಒಂದೊಂದೇ ಅಕ್ಷರ ಒತ್ತೂದು, ಇವರು ಜೋರಾಗಿ ಓದೂದು. ಉತ್ತರದ ಸಾಲು ಬಂದಕೂಡ್ಲೆ, "ಬಂತು, ಬಂತು! ಏನಂತೈತಿ ನೋಡ್ರಿ!" ಅಂತ ತೊಡಿ ಬಡಕೊಳ್ಳೂದು. ಅಳಿಯಂದ್ರಿಗೆ ಆರತಿ ತಂದ ಅತ್ತಿ ಮೊದಲ ಆ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ, "ಪಾಪ, ಬಾಳ ದಿವಸದಿಂದ ಆರಾಮಿಲ್ಲ ಅದಕ್ಕ" ಅಂದ್ರು. ಆರಾಮಿದ್ದ ನನ್ನ ಲ್ಯಾಪ್‌ಟಾಪನ್ನ ಯಾರೂ ಮಾತಾಡಿಸಲಿಲ್ಲ. ಹೋಳಿಗಿ ಮ್ಯಾಲಿನ ತುಪ್ಪಾನೂ ಅವಗೇ ಜಾಸ್ತಿ ಬಿತ್ತು, ನಾ ಕಣ್ಣಾರೆ ನೋಡೇನಿ.

ಮುಂದ ಯುಗಾದಿ ಬಂತು. ಬಾಗೇವಾಡಿಯೊಳಗ ಬಸ್ ಹತ್ತಿದ್ರ ಷಡ್ಡಕ ಕಿಟಕಿ ಬಾಜೂನೇ ಕುಂತಿದ್ದ. ಆದ್ರ ಅವನ ತೊಡಿ ಮ್ಯಾಲಿನ ಲ್ಯಾಪ್‌ಟಾಪ್ ಮುಚ್ಚಿತ್ತು!

"ಬರ್ರಿ ಅಣ್ಣಾರ" ಅಂತ ಸರದು ಜಾಗಾ ಕೊಟ್ಟ. ಮುಚ್ಚಳ ತೆರದ. ಪರದೆ ತುಂಬ ಅವನ ಮಗಳ ಫೋಟೋ, ಗಲ್ಲದ ಮ್ಯಾಲಿನ ಕಾಡಿಗಿ ಚುಕ್ಕಿ ಸೈತ ಕಾಣಸ್ತಿತ್ತು.

"ಸುಧಾರಿಸಿತೇನ್ರಿ ಇದು? ಯಾವಾಗ?"

"ದೀಪಾವಳಿಗಿಂತ ಮೊದಲೇ."

ಹಂಗಾದ್ರ ದೀಪಾವಳಿಗೆ 'ಮತ್ತ ಹೋತು' ಅಂದದ್ದು ಯಾಕ ಅಂತ ನಾ ಕೇಳೂದರಾಗ ಮುದ್ದೇಬಿಹಾಳ ಹತ್ರ ಬಂತು. ಅವ ಟಕಟಕ ಏನೋ ಒತ್ತಿದ. ಮಗಳು ಮಾಯ ಆದ್ಲು, ಪರದೆ ಕಪ್ಪಾತು.

"ಅಯ್ಯ, ಹೋತಲ್ರಿ!"

"ಹೋಗಿಲ್ಲ ಅಣ್ಣಾರ. ನಾನೇ ಕೆಡಿಸೇನಿ."

"ತಲಿಗಿಲಿ ಕೆಟ್ಟೈತೇನ್ರಿ ನಿಮಗ?"

ಅವ ದನಿ ಸಣ್ಣದು ಮಾಡಿದ. "ಮೊದಲಿಗೆ ಖರೇನೇ ಕೆಟ್ಟಿತ್ರಿ. ಆ ಬಿಳಿ ಅಕ್ಷರ ನೋಡಿ ಮಾಮಾ, 'ಇದು ನಮ್ಮ ತಾರ್ ಇದ್ದಂಗ ಐತ್ರಿ, ಕಳಿಸಿ ಉತ್ತರಕ್ಕ ಕಾಯಬೇಕು' ಅಂತ ನಕ್ಕರು. ಅವತ್ತ ತಾವಾಗೇ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ್ರಂತ. ಅತ್ತಿ ಅದನ್ನ ಹೇಳಿ ಅತ್ತುಬಿಟ್ರು. ಈಗ ಸುಧಾರಿಸೇತಿ ಅಂತ ತೋರಿಸಿದ್ರ, ಮತ್ತ ಕಟ್ಟಿ ಮ್ಯಾಲ ಹೋಗಿ ಕೂಡತಾರ್ರಿ."

ಇಷ್ಟು ಕೇಳಿದ ಮ್ಯಾಲ ನನ್ನ ಹೊಟ್ಟಿಕಿಚ್ಚು ಹೋತೇನು ಅಂತೀರಿ? ಎಲ್ಲಿದು! ಇಮ್ಮಡಿ ಆತು. ಇಂಥಾದ್ದು ಇವಗ ಹೊಳೀತು, ದೊಡ್ಡ ಅಳಿಯ ನಾನು, ನನಗ್ಯಾಕ ಹೊಳೀಲಿಲ್ಲ? ಚೀಲದಾಗಿಂದ ನನ್ನ ಲ್ಯಾಪ್‌ಟಾಪ್ ತಗದು ಅವನ ತೊಡಿ ಮ್ಯಾಲ ಇಟ್ಟೆ.

"ಲಗೂನ ನಂದೂ ಒಂದೀಟು ಕೆಡಿಸಿ ಕೊಡ್ರಿ."

ಮುದ್ದೇಬಿಹಾಳ ಸ್ಟ್ಯಾಂಡಿನ್ಯಾಗ ಮಾವನಾರು ಬಿಸಲಾಗ ಕಾಯ್ಕೋತ ನಿಂತಿದ್ರು. ನಾವಿಬ್ಬರೂ ಒಂದೊಂದು ತಾಟು ಹಿಡಕೊಂಡು ಇಳಿದ್ವಿ. ಮಾವನಾರು ಷಡ್ಡಕನ್ನ ದಾಟಿ ನನ್ನ ಹತ್ರ ಬಂದ್ರು. ಚಷ್ಮಾ ಸರಿಮಾಡಿಕೊಂಡು ಪರದೆಗೆ ಬಗ್ಗಿ ನೋಡಿದ್ರು.

"ನಿಮ್ದೂ ಹೋತೇನ್ರಿ?"

"ಹೌದ್ರಿ ಮಾಮಾ."

ಅವರು ನನ್ನ ಹೆಗಲ ಮ್ಯಾಲ ಕೈ ಇಟ್ರು.

"ಚಿಂತಿ ಮಾಡಬ್ಯಾಡ್ರಿ ಅಳಿಯಂದ್ರ. ನಾ ಅದೇನಿ."