ಹಾಲಸೆ ದ್ವೀಪಕ್ಕೆ ಹೋಗಿಬರುವ ಟಿಕೆಟ್

ಹಾಲಸೆ ದ್ವೀಪಕ್ಕೆ ಹೊಸ ಹಡಗು ಬಂದದ್ದು ಮತ್ತು ಆ ಹಡಗು ಹಾಲಸೆಯ ಹಡಗುಕಟ್ಟೆಗೆ ಹಿಡಿಸದಷ್ಟು ದೊಡ್ಡದಾಗಿದ್ದದ್ದು ಎರಡು ಬೇರೆ ಬೇರೆ ಸಂಗತಿಗಳು. ಇವೆರಡನ್ನೂ ಒಂದೇ ವಾಕ್ಯದಲ್ಲಿ ಹೇಳಕೂಡದೆಂದು ಹಡಗು ಮಂಡಳಿ ಸುತ್ತೋಲೆ ಹೊರಡಿಸಿತ್ತು. ಹಡಗು ದಿನವೂ ಜನರನ್ನೂ ಕಾರುಗಳನ್ನೂ ಹೊತ್ತು ಟೋರ್ನೆ ಬಂದರಿನಿಂದ ಸರಿಯಾದ ಹೊತ್ತಿಗೆ ಹೊರಟು, ಹಾಲಸೆಯ ಎದುರು ನಿಂತು, ಒಮ್ಮೆ ಕೂಗಿ, ಮರಳುತ್ತಿತ್ತು. ದ್ವೀಪ ಕಣ್ಣಿಗೆ ಬಿದ್ದರೆ ತಲುಪಿದಂತೆಯೇ ಎಂದು ನಿಯಮವನ್ನು ತಿದ್ದಲಾಗಿತ್ತು. ಆಮೇಲೆ ಸಮಯಪಾಲನೆಯ ಪ್ರಶಸ್ತಿ ಮಂಡಳಿಯ ಕೈತಪ್ಪಲಿಲ್ಲ.

ಎಫಿ ಮೆಕಾಸ್ಕಿಲ್ ತನ್ನ ಗಂಡ ಟಾರ್ಕ್ವಿಲ್‌ನ ಶವಪೆಟ್ಟಿಗೆಯೊಂದಿಗೆ ಬಂದರಿಗೆ ಬಂದದ್ದು ಒಂದು ಶುಕ್ರವಾರ. ಅವನು ಟೋರ್ನೆಯ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಹಾಲಸೆಯಲ್ಲಿ ಅಮ್ಮನ ಪಕ್ಕ ಮಲಗಿಸು ಎಂಬುದೊಂದೇ ಅವನು ಕೇಳಿದ್ದು. ನೆರೆಯವರು ಗುಂಡಿ ತೋಡಿ ಕಾದಿದ್ದರು. ತೋಡಿದ ಗುಂಡಿ ಭಾನುವಾರ ತೆರೆದಿರಬಾರದು ಎಂಬುದು ಅಲ್ಲಿಯ ಕಟ್ಟುಪಾಡು.

ಟಿಕೆಟ್ ಕಿಟಕಿಯಲ್ಲಿದ್ದ ಫಿನ್ಲೇ ಎಫಿಯ ಹಳೆಯ ವಿದ್ಯಾರ್ಥಿ.

"ಹೋಗೋಕೋ, ಹೋಗಿಬರೋಕೋ, ಟೀಚರ್?"

"ಇಬ್ಬರಿಗೂ ಹೋಗೋಕೆ ಮಾತ್ರ."

"ಹಾಗೆ ಕೊಡೋ ಹಾಗಿಲ್ಲ. ಸಾಯಂಕಾಲ ವಾಪಸ್ ಬರ್ತೀರಲ್ಲ."

"ಲೋ ಫಿನ್ಲೇ, ಸತ್ತವರು ವಾಪಸ್ ಬಂದದ್ದನ್ನ ಎಲ್ಲಾದ್ರೂ ನೋಡಿದ್ದೀಯೇನೋ?"

"ಈ ಹಡಗಲ್ಲಿ ಎಲ್ಲರೂ ಬರ್ತಾರೆ, ಟೀಚರ್."

ಹಾಲಸೆಯ ಕಟ್ಟೆಯ ಮೇಲೆ ಪಾದ್ರಿಯೂ ಪೆಟ್ಟಿಗೆ ಹೊರುವವರೂ ಟೋಪಿ ತೆಗೆದು ನಿಂತಿದ್ದರು. ಹಡಗು ಕೂಗಿತು. ಪಾದ್ರಿ ಕೀರ್ತನೆ ಎತ್ತಿಕೊಂಡರು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಹಡಗು ತಿರುಗತೊಡಗಿತು. ಏಡಿ ಹಿಡಿಯುವ ರೂರಿ ತನ್ನ ದೋಣಿಯನ್ನು ಹಡಗಿನ ಮಗ್ಗುಲಿಗೆ ತಂದ.

"ಎಫಿ ಅಕ್ಕಾ, ಇಳಿಸು ಕೆಳಗೆ! ನಾನು ಕರ್ಕೊಂಡು ಹೋಗ್ತೀನಿ!"

ಕಪ್ತಾನ ಧ್ವನಿವರ್ಧಕದಲ್ಲಿ ಘೋಷಿಸಿದ: "ಪ್ರಯಾಣಿಕರು ಕಟ್ಟೆಯಲ್ಲಿಯೇ ಇಳಿಯತಕ್ಕದ್ದು."

"ನಿನ್ನ ತಿಮಿಂಗಿಲ ಕಟ್ಟೆಗೆ ಬರೋದೇ ಇಲ್ವಲ್ಲೋ!" ರೂರಿ ದೋಣಿಯಿಂದ ಕೂಗಿದ.

"ಬರತಕ್ಕದ್ದೆಂದು ಯಾವ ನಿಯಮದಲ್ಲೂ ಇಲ್ಲ."

ಎಫಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತೇ ಇದ್ದಳು, ಟೋರ್ನೆ ಬರುವವರೆಗೂ. ಆ ರಾತ್ರಿ ಟಾರ್ಕ್ವಿಲ್‌ನನ್ನು ಮೀನಿನ ಶೀತಲಗೃಹದಲ್ಲಿ ಇರಿಸಲಾಯಿತು. ಎಫಿಗೆ ಫಿನ್ಲೇಯ ತಾಯಿ ಕೋಣೆ ಕೊಟ್ಟಳು.

ಶನಿವಾರವೂ ಹಾಗೆಯೇ ಆಯಿತು. ಸಂಜೆ ರೂರಿ ಖಾಲಿ ಗುಂಡಿಯನ್ನು ಮುಚ್ಚಿದ. ಸೋಮವಾರ ತೋಡಿದ. ಮುಂದಿನ ಶನಿವಾರ ಮತ್ತೆ ಮುಚ್ಚಿದ. ಚಳಿಗಾಲದ ಹೊತ್ತಿಗೆ ಅವನ ಕೈ ಎಷ್ಟು ಪಳಗಿತೆಂದರೆ ಅಂಥ ನೇರ ಅಂಚಿನ ಗುಂಡಿ ಸುತ್ತಲಿನ ಯಾವ ದ್ವೀಪದಲ್ಲೂ ಇರಲಿಲ್ಲ. ದೋಣಿ ತರುವುದನ್ನು ಬಿಟ್ಟು, ದಡದಿಂದಲೇ ಕೈಬೀಸುತ್ತಿದ್ದ. ಪಾದ್ರಿ ಕೀರ್ತನೆಯನ್ನು ಹಡಗು ತಿರುಗುವುದರೊಳಗೆ ಮುಗಿಯುವಂತೆ ಮೊಟಕುಗೊಳಿಸಿದರು. ಹೊಸವರ್ಷಕ್ಕೆ ಮಂಡಳಿಯು, ಒಮ್ಮೆಯೂ ದೂರು ನೀಡದ ಪ್ರಯಾಣಿಕರೆಂದು ಟಾರ್ಕ್ವಿಲ್‌ಗೆ ಪ್ರಶಂಸಾಪತ್ರ ನೀಡಿತು. ಅಧ್ಯಕ್ಷರು ಅದನ್ನು ಪೆಟ್ಟಿಗೆಯ ಮೇಲಿಟ್ಟು, ಕೈಕುಲುಕಲು ಒಂದು ಕ್ಷಣ ಕಾದು, ಫೋಟೊ ತೆಗೆಸಿಕೊಂಡರು. ಎಫಿ ಚಪ್ಪಾಳೆ ತಟ್ಟಲಿಲ್ಲ. ಅದಕ್ಕಾಗಿ ಶಿಸ್ತಿನ ಕ್ರಮ ಬೇಡವೆಂದು ಮಂಡಳಿ ಉದಾರವಾಗಿ ತೀರ್ಮಾನಿಸಿತು.

ಸೋಮವಾರ ಕಿಟಕಿಯಲ್ಲಿ ಫಿನ್ಲೇ ಏನೂ ಕೇಳದೆ ಹೋಗಿಬರುವ ಎರಡು ಟಿಕೆಟ್ ಹರಿದ.

"ಪೆಟ್ಟಿಗೇನ ಕಾರುಗಳ ಹಿಂದೆ ಇಡಬೇಡ ಕಣೋ," ಎಂದಳು ಎಫಿ. "ಎಡಗಡೆ ಇಡು. ನಮ್ಮವರಿಗೆ ಊರು ಕಾಣಲಿ."