ಗೂಬೆಯಿಲ್ಲದ ಹೆಸರು

ಐದು ಸಾವಿರ ವರ್ಷಗಳ ಹಿಂದಿನ ಜನರೊಂದಿಗೆ ಸಲಿಗೆಯಿಂದ ಮಾತಾಡುವ ಗೃಹಸ್ಥ ನಮ್ಮ ತಿಕೋಟಾದಲ್ಲಿ ಒಬ್ಬನೇ ಇದ್ದ. ಅವನು ನಮ್ಮಣ್ಣ. ಈಗಿನ ಜನರೊಂದಿಗೆ ಮಾತ್ರ ಅಷ್ಟಕ್ಕಷ್ಟೇ! ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದು, ವಿಜಾಪುರದ ಹೈಸ್ಕೂಲಿಗೆ ಕೈಮುಗಿದು, ಊರಲ್ಲಿ ಕಿರಾಣಿ ಅಂಗಡಿ ಹಾಕಿದವನು. ಅಂಥವನು ಇಂಗ್ಲಿಷ್ ಪುಸ್ತಕ ಓದಿ ಈಜಿಪ್ಟಿನ ಚಿತ್ರಲಿಪಿ ಕಲಿಯುತ್ತೇನೆಂದರೆ ನೀವಾದರೂ ನಂಬುತ್ತಿದ್ದಿರಾ? ಅವನು ನಂಬಿದ್ದ. ತನ್ನನ್ನು ತಾನು ನಂಬುವುದರಲ್ಲಿ ಅವನನ್ನು ಮೀರಿಸುವವರು ಇಡೀ ಜಿಲ್ಲೆಯಲ್ಲಿ ಇರಲಿಲ್ಲ.

ಹುಚ್ಚು ಸುಮ್ಮನೆ ಹಿಡಿದದ್ದಲ್ಲ. ನಮ್ಮ ತಮ್ಮ ಮುರಿಗೆಪ್ಪ ಪಲ್ಟಣಿಗೆ ಸೇರಿ ಯುದ್ಧಕ್ಕೆ ಹೋದವನು ಈಜಿಪ್ಟಿನ ಮರಳಿನಲ್ಲೇ ಉಳಿದುಬಿಟ್ಟ. ಸತ್ತನೆಂಬ ತಂತಿ ಬಂದ ದಿನದಿಂದ ಅವ್ವ ಅವನ ಹೆಸರೆತ್ತಲಿಲ್ಲ. ಹಿರಿಯರ ಹಬ್ಬದಲ್ಲಿ ಸತ್ತವರಿಗೆಲ್ಲ ಎಡೆ ಹಿಡಿದಳು, ಅವನಿಗೆ ಮಾತ್ರ ಹಿಡಿಯಲಿಲ್ಲ. “ಅವನ ಮಣ್ಣು ಅಲ್ಲೈತಿ. ಇಲ್ಲಿಂದ ಕರದ್ರ ಅಷ್ಟು ದೂರ ಹೆಂಗ ಕೇಳತೈತಿ?” ಎಂದಳು.

ಆಮೇಲೆ ತಮ್ಮನ ಜೊತೆಗಾರ, ಸಾರವಾಡದ ಸಿಪಾಯಿ, ರಜೆಗೆ ಬಂದಾಗ ಕೈರೋದ ಪೇಟೆಯಲ್ಲಿ ಕೊಂಡ ಪುಸ್ತಕವೊಂದನ್ನು ತಂದುಕೊಟ್ಟ. ಅಣ್ಣ ಡಿಕ್ಷನರಿ ಹಿಡಿದು ಮುನ್ನುಡಿ ಮುಗಿಸಿದವನೇ ಅಡುಗೆಮನೆಗೆ ಓಡಿಬಂದ. ಆ ದೇಶದ ಗೋರಿಗಳ ಮೇಲೆ ಸತ್ತವರ ಹೆಸರೂ ಊಟದ ಪದಾರ್ಥಗಳೂ ಬರೆದಿರುತ್ತವಂತೆ. ದಾರಿಹೋಕರು ಬಾಯಿಬಿಟ್ಟು ಓದಿದರೆ ಸಾಕು, ಊಟ ಅವರಿಗೆ ಮುಟ್ಟುತ್ತದಂತೆ. “ಅವ್ವಾ, ಬರೂ ಹಬ್ಬದೊಳಗ ಕಲೀತೀನಿ. ಆ ಮಣ್ಣಿನ ಅಕ್ಷರದಾಗ ಅವನ ಹೆಸರು ಬರದು ಓದತೀನಿ. ನೀ ಎಡಿ ಹಿಡಿ” ಎಂದ. ಅವ್ವ ಒಲೆಗೆ ಕಟ್ಟಿಗೆ ನೂಕಿದಳು.

ನನ್ನನ್ನು ಬಬಲೇಶ್ವರಕ್ಕೆ ಕೊಟ್ಟಿತ್ತು. ತವರಿಗೆ ಬಂದಾಗಲೆಲ್ಲ ಅಣ್ಣನ ವಿದ್ಯೆ ಎಲ್ಲಿಗೆ ಬಂತೆಂದು ವಿಚಾರಿಸುತ್ತಿದ್ದೆ. ಮೊದಮೊದಲು ಅವನು ಚಿತ್ರ ನೋಡಿ ಕಥೆ ಕಟ್ಟುತ್ತಿದ್ದ: ಹಾವು ನೀರು ಕುಡಿಯಿತು, ಬಾತುಕೋಳಿ ನೋಡಿತು, ಹಾವಿಗೆ ಸಿಟ್ಟು ಬಂತು. ಪುಟ ತಿರುಗಿಸಿದ ಮೇಲೆ ಗೊತ್ತಾಯಿತು, ಚಿತ್ರಗಳೆಲ್ಲ ಬರೀ ಉಚ್ಚಾರಗಳೆಂದು.

“ಹಾವು ಅಂದ್ರ ಹಾವಲ್ಲ ತಂಗಿ, ಅದು ಫಕಾರ” ಎಂದ.

“ಹಂಗಾರ ಖರೇ ಹಾವಿಗೆ ಏನು ಬರೀತಾರ?”

“ಆ ಪಾಠ ಇನ್ನಾ ಬಂದಿಲ್ಲ.”

ಆದರೂ ಧೈರ್ಯ ನೋಡಿ! ಅಂಗಡಿಯ ಡಬ್ಬಿಗಳ ಮೇಲಿನ ಕನ್ನಡವನ್ನೆಲ್ಲ ಒರೆಸಿ ಈಜಿಪ್ಟಿನ ಅಕ್ಷರ ಬರೆದ. ಬಕಾರಕ್ಕೆ ಅಲ್ಲಿ ಮನುಷ್ಯನ ಕಾಲು. ಬೆಲ್ಲದ ಡಬ್ಬಿಯ ಮೇಲೆ ಪಾದ ಮೂಡಿತು. ಮಕಾರಕ್ಕೆ ಗೂಬೆ, ಮೆಂತ್ಯದ ಡಬ್ಬಿಯಿಂದ ಅದು ಗಿರಾಕಿಗಳನ್ನೇ ದಿಟ್ಟಿಸತೊಡಗಿತು. “ಬೆಲ್ಲ ತುಳದು ಮಾರಾಕತ್ತೀರೇನ್ರಿ?” ಎಂದು ಒಬ್ಬಳು ಹೋದಳು. ಗೂಬೆ ಕಂಡವರು ಮೆಟ್ಟಿಲನ್ನೇ ಹತ್ತಲಿಲ್ಲ. ಅಣ್ಣನ ಹೆಂಡತಿ, ನಮ್ಮ ವೈನಿ, ಒದ್ದೆ ಬಟ್ಟೆ ತಗೊಂಡು ಒಂದು ಸಂಸ್ಕೃತಿಯನ್ನು ಪೂರ್ತಿ ಅಳಿಸಿಹಾಕಿದಳು.

ಅಣ್ಣ ಅಷ್ಟಕ್ಕೆ ಬಗ್ಗುವವನೇ? ಹಿತ್ತಲ ಗೋಡೆಗೆ ದಾಳಿಯಿಟ್ಟ. ಅದು ಬ್ರಿಟಿಷರೇ ತೊಲಗಿ ಎನ್ನುವ ಚಲೇಜಾವ್ ಗದ್ದಲದ ಕಾಲ. ಯಾರೋ ಪುಣ್ಯಾತ್ಮರು ಇದು ಭೂಗತ ಚಳವಳಿಗಾರರ ಗುಪ್ತಲಿಪಿ ಎಂದು ಚಾಡಿ ಹೇಳಿದರು. ವಿಜಾಪುರದಿಂದ ಪೊಲೀಸ್ ಫೌಜದಾರ, ಪೆಟ್ರೋಲಿನ ಬರದಲ್ಲಿ ಇದ್ದಿಲು ಗ್ಯಾಸಿನಿಂದ ಓಡುತ್ತಿದ್ದ ಮೋಟಾರಿನಲ್ಲಿ ಕೆಮ್ಮುತ್ತ ಬಂದಿಳಿದ. “ಏನು ಬರದೀ? ಓದು” ಎಂದ. ಓದು ಎಂದು ಅಣ್ಣನಿಗೆ ಹೇಳಿದ ಮೊದಲ ಮನುಷ್ಯ ಅವನೇ! ಅಣ್ಣ ಖುಷಿಯಿಂದ ಎದೆಯುಬ್ಬಿಸಿ, “ಸಾವಿರ ರೊಟ್ಟಿ, ಸಾವಿರ ಕೊಡ ಸೇಂದಿ, ಸಾವಿರ ಎತ್ತು, ಸಾವಿರ ಕೋಳಿ” ಎಂದು ಓದಿದ. ಫೌಜದಾರ ಬಹಳ ಹೊತ್ತು ಗೋಡೆ ನೋಡಿದ. “ರೇಶನ್ನಿನಾಗ ನಾಕು ಮಂದಿಗೆ ಜ್ವಾಳ ಸಿಗವಲ್ದು. ಮಂದಿಗೆ ಇದು ತಿಳೀತಂದ್ರ ದಂಗೆ ಏಳತಾರ. ಅಳಸು” ಎಂದು ಹೇಳಿ ಹೊರಟುಹೋದ.

ಹಬ್ಬದ ಹಿಂದಿನ ದಿನ ಅಣ್ಣ ತಮ್ಮನ ಹೆಸರನ್ನು ಪಾಟಿಯ ಮೇಲೆ ಬರೆದು ಅವ್ವನಿಗೆ ತೋರಿಸಿದ. ಅವ್ವ ಜೋಳ ಹಸನು ಮಾಡುತ್ತಿದ್ದಳು.

“ಇದೇನು ಮೊದಲಿಗೆ?”

“ಗೂಗಿ, ಅವ್ವಾ. ಅಂದ್ರ ಮಕಾರ.”

ಅವ್ವ ಜೋಳದ ಮೊರ ಕೆಳಗಿಟ್ಟಳು. “ನನ್ನ ಮಗನ ಹೆಸರಿನಾಗ ಗೂಗಿ ಕುಂಡ್ರಸ್ತೀ? ಎಡಿನೂ ಬ್ಯಾಡ, ಏನೂ ಬ್ಯಾಡ.”

ಅಣ್ಣನ ಮುಖ ಇಳಿದದ್ದನ್ನು ನಾನು ಕಂಡದ್ದು ಅದೇ ಮೊದಲು. ಅಷ್ಟು ದಿನ ನಕ್ಕ ನಾನೂ ಅವತ್ತು ನಗಲಿಲ್ಲ. ಇವನ ಓದು ದಂಡವಾದರೆ ಆಗಲಿ, ತಮ್ಮ ಈ ವರ್ಷವೂ ಉಪವಾಸ ಇರಬೇಕೇ? ಅಣ್ಣ ಪುಸ್ತಕ ಹಿಡಿದು ಮೂಲೆ ಸೇರಿದ. ಊಟಕ್ಕೆ ಕರೆದರೂ ಏಳಲಿಲ್ಲ.

ಬೆಳಿಗ್ಗೆ ಸುಣ್ಣದ ಬಟ್ಟಲು ಹಿಡಿದು ಬಂದ, ಮುಖದಲ್ಲಿ ಹಳೆಯ ಜಂಬ. ಮ ಮತ್ತು ರ ಎರಡನ್ನೂ ಒಂದೇ ಚಿತ್ರ ಹೇಳುತ್ತದಂತೆ, ಅದು ಗುದ್ದಲಿ! ಗೂಬೆಯ ಹಂಗೇ ಇಲ್ಲ. ಪಡಸಾಲೆಯ ಗೋಡೆಗೆ ಒಂದು ಗುದ್ದಲಿ, ಕೊಡ ಇಡುವ ಸಿಂಬಿ, ಕೂರುವ ಮಣೆ ಬರೆದ. ಮುರಿ, ಗೆ, ಪ್ಪ ಎಂದು ಒಂದೊಂದಕ್ಕೂ ಬೆರಳಿಟ್ಟು ತೋರಿಸಿದ.

ಅವ್ವ ಹತ್ತಿರ ಬಂದು ನೋಡಿದಳು. “ಎಲ್ಲಾ ನಮ್ಮ ಮನಿ ಸಾಮಾನ ಅದಾವಲ್ಲೋ” ಎಂದಳು. ಒಳಗೆ ಹೋಗಿ ಎಡೆ ತಂದಿಟ್ಟಳು.

ಅಣ್ಣ ಗಂಟಲು ಸರಿಮಾಡಿಕೊಂಡು ಶುರುಮಾಡಿದ. “ಸಾವಿರ ರೊಟ್ಟಿ, ಸಾವಿರ ಕೊಡ ಸೇಂದಿ...”

“ಸೇಂದಿ ಬ್ಯಾಡ, ಮಜ್ಜಿಗಿ ಅನ್ನು. ಕೋಳಿ ಬಿಡು, ಹೋಳಿಗಿ ಹೇಳು. ಸಾವಿರ ತಗೊಂಡು ಏನ ಮಾಡ್ತಾನ, ಅವಂಗ ನಾಕು ಸಾಕು.”

“ಪುಸ್ತಕದಾಗ ಹಂಗಿಲ್ಲವ್ವಾ.”

“ಪುಸ್ತಕದವರು ಅವನ್ನ ಹಡದಾರೇನು?”

ಅಣ್ಣ ನಾಲ್ಕು ಹೋಳಿಗೆ ಎಂದ, ಮಜ್ಜಿಗೆ ಎಂದ. ಇನ್ನು ಹೆಸರೊಂದನ್ನು ಓದುವುದಿತ್ತು. ಫೌಜದಾರನ ಮುಂದೆ ಅಳುಕದ ಬಾಯಿ ಗುದ್ದಲಿಯ ಹತ್ತಿರ ಬಂದು ನಿಂತುಹೋಯಿತು. ನನಗೆ ಅಳು ಬಂತು.

ಕನ್ನಡದ ಒಂದಕ್ಷರವೂ ಬಾರದ ನನ್ನವ್ವ ಗೋಡೆಗೆ ಬೆರಳಿಟ್ಟು ಗುದ್ದಲಿ ಮುಟ್ಟಿದಳು, ಸಿಂಬಿ ಮುಟ್ಟಿದಳು, ಮಣೆ ಮುಟ್ಟಿದಳು.

“ಮುರಿಗೆಪ್ಪಾ, ಉಣ್ಣಾಕ ಬಾರಪಾ.”

ಆಮೇಲೆ ಅಣ್ಣನ ಕಡೆ ತಿರುಗಿದಳು. “ಅಡ್ಡ ಯಾಕ ನಿಂತೀ? ಈ ಕಡಿ ಸರಿ. ಅವಂಗ ಕುಂಡ್ರಾಕ ಜಾಗಾ ಬಿಡು.”