ಕಸಿ ಕಟ್ಟುವ ಮಾವನೂ ನನ್ನ ಬಯೋಟೆಕ್ನಾಲಜಿಯೂ

ಹೊಳೆನರಸೀಪುರದಲ್ಲಿ ಅತಿ ಹೆಚ್ಚು ಬ್ಲೇಡು ಕೊಳ್ಳುವವರೂ ಅತಿ ಕಡಿಮೆ ಗಡ್ಡ ಹೆರೆಯುವವರೂ ಒಬ್ಬರೇ, ಅವರು ನನ್ನ ಸೋದರಮಾವ ಎಂದರೆ ನೀವು ನಂಬಲಿಕ್ಕಿಲ್ಲ. ಅಂಗಿಯ ಜೇಬಿನಲ್ಲಿ ಕಾಗದ ಸುತ್ತಿದ ಬ್ಲೇಡು, ಹಾಲಿನ ಪ್ಯಾಕೆಟ್ ಕತ್ತರಿಸಿ ಮಾಡಿದ ಪ್ಲಾಸ್ಟಿಕ್ ಪಟ್ಟಿಗಳು, ಒದ್ದೆ ಬಟ್ಟೆಯಲ್ಲಿ ಯಾವುದೋ ಮರದ ಕಡ್ಡಿ. ಇಷ್ಟಿಲ್ಲದೆ ಅವರು ಹೊಸಿಲು ದಾಟಿದವರಲ್ಲ. ಕಸಿ ಕಟ್ಟುವುದು ಅವರ ಹುಚ್ಚು. ಸ್ವಂತ ಹಿತ್ತಲಲ್ಲಿ ಕಟ್ಟಿಕೊಂಡಿದ್ದರೆ ಯಾರ ತಕರಾರು? ಊರಿನವರ ಗಿಡಗಳನ್ನೆಲ್ಲ ಹೇಳದೆ ಕೇಳದೆ ಸುಧಾರಿಸುವುದು ಅವರ ಪದ್ಧತಿ.

ಒಮ್ಮೆ ದೇವಸ್ಥಾನದ ಕೆಂಪು ದಾಸವಾಳದ ಗಿಡದಲ್ಲಿ ಬಿಳಿ ಹೂ ಬಿಟ್ಟಿತು. ಕೆಲವರು ಕೈಮುಗಿದರು, ಇಬ್ಬರು ಪ್ರದಕ್ಷಿಣೆಯನ್ನೂ ಹಾಕಿದರು. ಅರ್ಚಕರು ಮಾತ್ರ ಕೊಂಬೆಯ ಬುಡದಲ್ಲಿದ್ದ ಪ್ಲಾಸ್ಟಿಕ್ ಚೂರು ನೋಡಿ ನೆಟ್ಟಗೆ ಮಾವನ ಮನೆಗೆ ಬಂದರು.

"ಏನ್ರೀ ಇದು, ದೇವರ ಗಿಡಕ್ಕೂ ಕೈ ಹಾಕೋದೇ?"

"ದ್ಯಾವ್ರು ಏನಾರಾ ಅಂದ್ರಾ, ಸಾಮಿ?" ಎಂದರು ಮಾವ.

ಅರ್ಚಕರು ಒಂದು ಲೋಟ ಕಾಫಿ ಕುಡಿದು, ತಮ್ಮ ಹಿತ್ತಲಿನ ಹುಳಿ ಮಾವಿನ ಮರವನ್ನೂ ಬಿಡುವಾದಾಗ ನೋಡುವಂತೆ ಹೇಳಿ ಹೋದರು.

ಅಪ್ಪ ತೀರಿಕೊಂಡ ಮೇಲೆ ಅಮ್ಮ, ಅಕ್ಕ, ನಾನು ಅರಕಲಗೂಡಿನಿಂದ ಬಂದು ಸೇರಿಕೊಂಡದ್ದು ಇವರ ಮನೆಗೇ. ಹಾಗಾಗಿ ಅಕ್ಕನಿಗೆ ಚನ್ನರಾಯಪಟ್ಟಣದಲ್ಲಿ ಗಂಡು ನೋಡಲು ಹೋದವರೂ ಇವರೇ. ಸಂಜೆ ವಾಪಸು ಬಂದಾಗ ಅಮ್ಮ ಆತಂಕದಿಂದ, "ಹುಡ್ಗ ಎಂಗವ್ನೆ ಅಣ್ಣಯ್ಯ?" ಎಂದಳು.

"ಅವ್ರ ಸೀಬೆ ಗಿಡ ಬಾಳ ಚೆಂದಾಗದೆ ಕಣವ್ವ."

ಹುಡುಗನ ಬಣ್ಣ, ಓದು, ಕೆಲಸ ಒಂದೂ ನೆನಪಿಲ್ಲ! ಹಿತ್ತಲಲ್ಲಿ ನಾಲ್ಕು ಕಸಿ ಕಟ್ಟಿ ಬಂದಿದ್ದರು. ಅವು ಕೂಡಿದವೋ ಇಲ್ಲವೋ ನೋಡಲು ಮತ್ತೆ ಹೋಗಲೇಬೇಕು, ಆದ್ದರಿಂದ ಸಂಬಂಧ ಬೆಳೆಸುವುದು ಒಳ್ಳೆಯದು ಎಂಬುದು ಅವರ ಅಭಿಪ್ರಾಯ. ಭಾವ ಒಳ್ಳೆಯವರಾಗಿ ಸಿಕ್ಕಿದ್ದು ಅಕ್ಕನ ಪುಣ್ಯ, ಮಾವನ ವಿಚಾರಣೆಯ ಫಲವಲ್ಲ.

ಇಂಥವರು ನನ್ನನ್ನು ಡಿಗ್ರಿಗೆ ಸೇರಿಸಲು ಹಾಸನಕ್ಕೆ ಕರೆದುಕೊಂಡು ಹೋದರು. ಎರಡು ಸಾವಿರದ ಇಸವಿಯ ಆಸುಪಾಸು, ಬಯೋಟೆಕ್ನಾಲಜಿ ಎಂಬ ಹೆಸರು ನಮ್ಮ ಕಡೆಗೆ ಆಗಷ್ಟೇ ಬಂದಿತ್ತು. ಅದರಲ್ಲಿ ಏನು ಕಲಿಸುತ್ತಾರೆಂದು ಮಾವ ಕೇಳಿದರು. ಕಾಲೇಜಿನ ಗುಮಾಸ್ತರಿಗೂ ಗೊತ್ತಿದ್ದದ್ದು ಅಷ್ಟಕ್ಕಷ್ಟೇ. "ಎಲೆ ಚೂರಿಂದ ಇಡೀ ಗಿಡ ಬೆಳೆಸ್ತಾರಂತೆ, ಬಾಟ್ಲೀಲಿ" ಎಂದರು. ಮಾವ ನನ್ನ ಕೈಯಿಂದ ಅರ್ಜಿ ಕಿತ್ತು ಅವರ ಮುಂದಿಟ್ಟು, "ಬರ್ಕಳಿ ಸಾ" ಎಂದರು. ನನ್ನನ್ನು ಯಾರೂ ಕೇಳಲಿಲ್ಲ. ವಾಪಸು ಬರುವಾಗ ಬಸ್ಸಿನ ಕಂಡಕ್ಟರಿಗೆ, ಮಾರನೆಯ ವಾರ ಹಳ್ಳಿಮೈಸೂರಿನ ನೆಂಟರಿಗೆ, ಎಲ್ಲರಿಗೂ ಒಂದೇ ಸುದ್ದಿ: "ನಮ್ಮುಡ್ಗಿ ಕಸಿ ಡಿಗ್ರಿ ಓದ್ತಾವ್ಳೆ."

ಮೊದಲ ವರ್ಷ ಅಳುತ್ತಲೇ ಓದಿದೆ. ಎರಡನೆಯ ವರ್ಷ ಒಂದು ಪ್ರಾಕ್ಟಿಕಲ್‌ನಲ್ಲಿ ಬೆರಳು ಚುಚ್ಚಿಕೊಂಡು, ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ನಸುಗೆಂಪು ಕಣಗಳ ನಡುವೆ ಬಿಳಿ ರಕ್ತಕಣವೊಂದು ನೇರಳೆ ಬಣ್ಣ ಹೀರಿಕೊಂಡು ಗಂಭೀರವಾಗಿ ಕೂತಿತ್ತು. ಇಂಥವು ಇಷ್ಟು ವರ್ಷ ನನ್ನೊಳಗೇ ಓಡಾಡಿಕೊಂಡಿದ್ದರೂ ಪರಿಚಯವೇ ಇರಲಿಲ್ಲವಲ್ಲ! ಅಟೆಂಡರ್ ಬಂದು ಬಾಗಿಲು ಹಾಕಬೇಕು ಎನ್ನುವವರೆಗೂ ನಾನು ಊಟಕ್ಕೂ ಏಳಲಿಲ್ಲ. ಬಾಟಲಿಯಲ್ಲಿ ಎಲೆ ಚಿಗುರಿದಾಗಲೂ ಸಂತೋಷವಾಗಿತ್ತು, ನಿಜ. ಆದರೆ ಊಟ ಮರೆತುಹೋಗಿರಲಿಲ್ಲ.

ಕಷ್ಟ ಬಂದದ್ದು ಎಂ.ಎಸ್ಸಿ. ಅರ್ಜಿಯಲ್ಲಿ. ಸಸ್ಯ ವಿಭಾಗವೋ, ವೈದ್ಯಕೀಯ ವಿಭಾಗವೋ, ಒಂದನ್ನು ಗುರುತಿಸಬೇಕು. ಮಾವ ಅಷ್ಟರಲ್ಲಿ ಕೊಟ್ಟಿಗೆಯ ಪಕ್ಕದ ಕೋಣೆ ಖಾಲಿ ಮಾಡಿ, ಸುಣ್ಣ ಹೊಡೆಸಿ, ಹಲಗೆ ಬಡಿಸಿ, ಬೀದಿಯವರಿಂದ ಖಾಲಿ ಜಾಮ್ ಬಾಟಲಿ ಬೇಡಿ ತಂದು ಸಾಲಾಗಿ ಜೋಡಿಸಿದ್ದರು. ನಾನು ಬಂದು ಅವುಗಳಲ್ಲಿ ಗಿಡ ಬೆಳೆಸುವುದೊಂದೇ ಬಾಕಿ. ಅಪ್ಪನಿಲ್ಲದ ನನ್ನನ್ನು ಓದಿಸಿದವರಿಗೆ ಬೇಡ ಎನ್ನುವುದು ಹೇಗೆ? ಎಂಟು ದಿನ ಅರ್ಜಿ ಚೀಲದಲ್ಲೇ ಉಳಿಯಿತು.

ಒಂಬತ್ತನೆಯ ದಿನ ಆ ಕೋಣೆಗೆ ಹೋದೆ. ಮಾವ ಬಾಟಲಿ ಒರೆಸುತ್ತಿದ್ದರು.

"ಮಾವ, ನಂಗೆ ಗಿಡ ಬೇಡ. ರಕ್ತದ ಕಡೇದು ಓದ್ಬೇಕು ಅಂತಿದೆ."

ಅವರು ಒರೆಸುತ್ತಿದ್ದ ಬಾಟಲಿಯನ್ನು ಕೆಳಗಿಟ್ಟರು. ನನ್ನ ರೆಕಾರ್ಡ್ ಪುಸ್ತಕ ತರಿಸಿಕೊಂಡು ಒಂದೊಂದೇ ಹಾಳೆ ತಿರುಗಿಸಿದರು. ಗಿಡದ ಚಿತ್ರಗಳು ನಾಲ್ಕು ಗೆರೆಯಲ್ಲಿ ಮುಗಿದಿದ್ದವು. ರಕ್ತಕಣದ ಚಿತ್ರಕ್ಕೆ ನಾನು ಮೂರು ಬಣ್ಣದ ಪೆನ್ಸಿಲ್ ಸವೆಸಿದ್ದೆ.

"ಈ ಎಲೆ ಬರೀವಾಗ ನಿಂಗೆ ಮನ್ಸೇ ಇರ್ನಿಲ್ಲ" ಎಂದು ಎದ್ದು ಹೊರಗೆ ಹೋದರು.

ನೊಂದುಕೊಂಡರು ಎಂದು ನಾನು ಅಲ್ಲೇ ಕೂತು ಅತ್ತೆ. ಸ್ವಲ್ಪ ಹೊತ್ತಿಗೆ ಅರ್ಚಕರು ಬಾಗಿಲಲ್ಲಿ ಇಣುಕಿ, "ಏನಮ್ಮ, ರಕ್ತದ ಡಿಗ್ರಿಯಂತೆ?" ಎಂದರು. ಮಾವ ಮನೆಮನೆಗೂ ಹೋಗಿ, ತಾವು ಹಬ್ಬಿಸಿದ್ದ ಸುದ್ದಿಯನ್ನು ತಾವೇ ತಿದ್ದಿಕೊಂಡು ಬರುತ್ತಿದ್ದರು.

ವಾಪಸು ಬಂದವರು ನನ್ನೆದುರು ಕೂತರು.

"ಓದಕ್ಕೆ ರಕ್ತ ಎಲ್ಲಿಂದ ತತ್ತೀರ?"

"ಯಾರನ್ನಾದ್ರೂ ಕೇಳ್ಕೊಂಡು ತಗೋಳ್ತೀವಿ ಮಾವ."

"ಬ್ಯಾರೇರ್ನ ಯಾಕವ್ವ ಕೇಳ್ತೀಯ? ನಂದೇ ತಕ್ಕೋ" ಎಂದು ಅಂಗಿಯ ತೋಳು ಮಡಿಸಿ ಕೈ ಚಾಚಿದರು.

ಮನೆಯಲ್ಲಿ ಯಾರಿಗೆ ಗಾಯವಾದರೂ ರಕ್ತ ನೋಡಲಾರದೆ ಮೊದಲು ಹೊರಗೆ ಓಡಿಹೋಗುವವರು ಅವರು. ಹಸು ಕರು ಹಾಕುವಾಗಲೂ ಬೇಲಿಯಾಚೆ ನಿಂತು ವಿಚಾರಿಸುತ್ತಿದ್ದರು. ಈಗ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ನನ್ನ ಹತ್ತಿರ ಸೂಜಿಯೇ ಇರಲಿಲ್ಲ. ಅದನ್ನು ಹೇಳದೆ, ಚಾಚಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ.

ತುಸು ಹೊತ್ತಾದ ಮೇಲೆ, ಕಣ್ಣು ತೆರೆಯದೆಯೇ ಮಾವ ಕೇಳಿದರು:

"ಆಯ್ತಾ ಮಗಾ?"

"ಆಯ್ತು ಮಾವ" ಎಂದೆ.